ಲೆಟರ್ ಕೊಟ್ಟ ಮೇಲೆ
ಭಾನುವಾರ, 13 ಅಕ್ಟೋಬರ್ 2024, ಮಂಗಳೂರು

ಸಂಜೆ ಮಾಮಿ ಬಂದಿದ್ರು. ಬಂದದ್ದು ದಸರಾ ಲೈಟ್ ನೋಡ್ಲಿಕ್ಕೆ ಅಂತ, ಆದ್ರೆ ಅವರ ಮನೆಯಿಂದ ಕುದ್ರೋಳಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ ಬರುದೇ ಇಲ್ಲ, ಹಾಗಾಗಿ ವಿಷಯ ಎಂತ ಅಂತ ಅಮ್ಮನಿಗೂ ಗೊತ್ತಿತ್ತು ನಂಗೂ ಗೊತ್ತಿತ್ತು. ಚಾ ಕುಡಿದಾದ ಮೇಲೆ ಶುರುವಾಯ್ತು. "ಅಲ್ಲ ಮಗಾ, ಚರ್ಚ್ ಸಭೆಯ ಲಿಸ್ಟಿಂದ ಹೆಸರು ತೆಗೀರಿ ಅಂತ ಲೆಟರ್ ಕೊಟ್ಟಿದ್ದಿಯಂತೆ, ಹೌದಾ? ನಾಳೆ ಮದುವೆ ಯಾರು ಮಾಡಿಸುದು? ಸತ್ರೆ ಸಿಮೆಟ್ರಿಯಲ್ಲಿ ಜಾಗ ಯಾರು ಕೊಡುದು?"

ಮದುವೆಗೆ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಉಂಟು ಮಾಮಿ, ಸತ್ತ ಮೇಲೆ ಎಲ್ಲಿ ಹಾಕಿದ್ರೂ ನಂಗೆ ಗೊತ್ತಾಗುದಿಲ್ಲ ಅಂದೆ. ಅವರಿಗೆ ನಗು ಬರ್ಲಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಇನ್ನು ಕುದ್ರೋಳಿಗೆ ಹೋಗುದಾ ನೀನು?"

ಲೆಟರ್ ಕೊಟ್ಟ ಮೇಲೆ ಸುಮಾರು ಜನ ಮಾತಾಡಿದ್ದಾರೆ, ಪಾಸ್ಟರು, ಸಭೆಯ ಹಿರಿಯರು, ದೊಡ್ಡಪ್ಪ, ಬೆಂಗಳೂರಲ್ಲಿರುವ ಕಸಿನ್. ಮದುವೆ, ಹೆಣ, ಆಸ್ತಿ, ಜನ ಎಂತ ಹೇಳ್ತಾರೆ, ಎಲ್ಲ ಬಂತು. ಯೇಸು ಎದ್ದು ಬಂದದ್ದನ್ನ ನೀನು ನಂಬ್ತಿಯಾ ಇಲ್ವಾ ಅಂತ ಒಬ್ಬರೂ ಕೇಳ್ಲಿಲ್ಲ, ಪಾಸ್ಟರೂ ಸಹ!

ಕುದ್ರೋಳಿ ಅಂತ ಮಾಮಿ ಸುಮ್ನೆ ಹೇಳಿದ್ದಲ್ಲ. ನಮ್ಮ ಪಪ್ಪನ ಕಡೆಯವರು ಮೊದಲು ಬಿಲ್ಲವರು, ಕಳ್ಳು ತೆಗೆಯುವ ಮೂರ್ತೆ ಕಸುಬಿನವರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂರು ಜನ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ್ರಲ್ಲ, ಆಮೇಲೆ ಯಾವಾಗಲೋ ನಮ್ಮವರು ಕ್ರೈಸ್ತ ಸಭೆಗೆ ಸೇರಿದ್ದು. ಸೇರಿದ ಮೇಲೆ ಕಳ್ಳು ತೆಗೀಲಿಕ್ಕೆ ಇಲ್ಲ, ಅದು ಮಿಶನ್ನಿನ ಕಟ್ಟುನಿಟ್ಟು. ಕಸುಬು ಹೋಯ್ತು, ಕುಟುಂಬದ ಮನೆಯಿಂದ ಹೊರಗೆ ಹಾಕಿದ್ರು, ಮತ್ತೆ ಊಟಕ್ಕೆ ಎಂತ ಮಾಡುದು? ಅದಕ್ಕೇ ಮಿಶನ್ನಿನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು. ನಮ್ಮ ಮನೆಯ ಅಡುಗೆಕೋಣೆ ಮಾಡಿನಲ್ಲಿ ಈಗಲೂ ಆ ಹಂಚುಂಟು. ಹಿಂಬದಿ ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಅಂತ ಅಚ್ಚು, ಮಳೆಗಾಲಕ್ಕೆ ಮೊದಲು ಒಡೆದದ್ದನ್ನ ಬದಲಾಯಿಸುವಾಗ ಅಮ್ಮ ಆ ಹಂಚನ್ನ ಮಾತ್ರ ತೊಳೆದು ವಾಪಸ್ ಅಲ್ಲೇ ಇಡಿಸ್ತಾರೆ. ಸೇರದೆ ಉಳಿದ ನಮ್ಮ ನೆಂಟರಿಗೆ ಆಗ ದೇವಸ್ಥಾನದೊಳಗೆ ಪ್ರವೇಶ ಇಲ್ಲ. ಅವರ ಸಮಾಜದವರು ನಾರಾಯಣ ಗುರುಗಳನ್ನ ಕರೆಸಿ 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದ್ರು. ಅವರ ಮನೆಯ ಕೋಲಕ್ಕೆ ನಮಗೆ ಈಗಲೂ ಫೋನ್ ಬರ್ತದೆ, ಪಪ್ಪ ಇರುವಾಗ ಹೋಗಿ ಹೊರಗೆ ಚಪ್ಪರದಲ್ಲಿ ಕೂತು ಊಟ ಮಾಡಿ ಬರ್ತಿದ್ರು, ಪಾಸ್ಟರಿಗೆ ಮಾತ್ರ ಹೇಳ್ತಿರ್ಲಿಲ್ಲ.

ಹಾಗಾಗಿ ಈಗಿನವರು ಹೇಳುವ ಹಾಗೆ, ನಂಗೆ ಯೇಸು ಬೇಕು ಚರ್ಚ್ ಬೇಡ, ದೇವರ ಮೇಲೆ ನಂಬಿಕೆ ಉಂಟು ಧರ್ಮದ ಮೇಲೆ ಇಲ್ಲ, ಅಂತೆಲ್ಲ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ನನ್ನದು ಪೂರಾ ಉಲ್ಟಾ. ಸಂಸ್ಥೆ ನಮಗೆ ಅನ್ನ ಕೊಟ್ಟಿದೆ, ಅಜ್ಜಿಗೆ ಅಕ್ಷರ ಕೊಟ್ಟಿದೆ, ತಲೆ ಎತ್ತಿ ನಡೀಲಿಕ್ಕೆ ಕಲಿಸಿದೆ. ಕಮಿಟಿ ಎಲೆಕ್ಷನ್ ಜಗಳ, ಜಾಗದ ಕೇಸು, ಎಲ್ಲ ಉಂಟು, ಅದು ಎಲ್ಲಿಲ್ಲ ಮಾರಾಯ್ರೆ? ಅದಕ್ಕಾಗಿ ಬಿಡುದಾದ್ರೆ ನಾನು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನನ್ನ ಮೊದಲು ಬಿಡ್ಬೇಕು. ನನ್ನ ಕೈಯಿಂದ ಜಾರಿದ್ದು ನಂಬಿಕೆಯೇ.

ಅದು ಶುರುವಾದದ್ದು ಸಂಡೇ ಸ್ಕೂಲಿಗೆ ಈಸ್ಟರ್ ಪಾಠ ರೆಡಿ ಮಾಡುವಾಗ. ನಾಲ್ಕು ಸುವಾರ್ತೆಗಳನ್ನ ಪಕ್ಕ ಪಕ್ಕ ಇಟ್ಟು ಓದಿದೆ, ಮಕ್ಕಳಿಗೆ ಚಾರ್ಟ್ ಮಾಡುವ ಅಂತ. ಸಮಾಧಿಯಲ್ಲಿ ಮತ್ತಾಯನ ಪ್ರಕಾರ ಒಬ್ಬ ದೂತ, ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು ಗಂಡಸರು, ಯೋಹಾನನಲ್ಲಿ ಇಬ್ಬರು ದೂತರು. ಮಾರ್ಕನ ತೀರಾ ಹಳೇ ಪ್ರತಿಗಳಂತೂ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ತವೆ, ಹೆಂಗಸರು ಹೆದರಿ ಓಡಿದ್ರು, ಯಾರಿಗೂ ಏನೂ ಹೇಳ್ಲಿಲ್ಲ, ಅಷ್ಟೆ ಮುಗೀತು. ಇದೆಲ್ಲ ಥಿಯಾಲಜಿ ಕಲಿತವರಿಗೆ ಹೊಸದಲ್ಲ, ಬಲ್ಮಠದ ಥಿಯಾಲಜಿ ಕಾಲೇಜಲ್ಲಿ ಕಲಿತ ಫ್ರೆಂಡ್ ಒಬ್ಳು "ಇದು ನಮಗೆ ಶುರುವಿಗೇ ಹೇಳ್ತಾರೆ" ಅಂತ ನಕ್ಕಳು. ಶುರುವಿಗೇ ಹೇಳುವಂಥದ್ದು ಪುಲ್ಪಿಟ್ಟಿನಿಂದ ಒಂದು ದಿನವೂ ಯಾಕೆ ಕೇಳ್ಲಿಲ್ಲ ಅಂತ ನನ್ನ ಪ್ರಶ್ನೆ.

ಅದಾದ ಮೇಲೆ ಆರಾಧನೆಯಲ್ಲಿ ನಂಬಿಕೆಯ ಪ್ರಮಾಣ, ಅಂದ್ರೆ ನಾವು ಎಂತೆಲ್ಲ ನಂಬ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳುದು, ಅದನ್ನ ಹೇಳುವಾಗ ತೊಂದರೆ. ಎಲ್ಲರೂ ಎದ್ದು ನಿಲ್ತಾರೆ, ನಾನು ಕ್ವಾಯರಿನ ಎರಡನೇ ಸಾಲು, ಎದುರಿನ ಆಂಟಿಯ ಸೆರಗಿನ ಪಿನ್ನು ನೋಡಿಕೊಂಡು ಹೇಳ್ತಿದ್ದೆ. ಕನ್ಯೆ ಮರಿಯಳು ಬರುವಲ್ಲಿ ಬಾಯಿ ನಿಂತಿತು, ಪೊಂತ್ಯ ಪಿಲಾತ ಬಂದಾಗ ಪುನಃ ಶುರುವಾಯ್ತು ಯಾಕಂದ್ರೆ ಅದು ಚರಿತ್ರೆ, ಶಿಲುಬೆ ಸರಿ, ಸತ್ತದ್ದು ಸರಿ, ಹೂಣಿಟ್ಟದ್ದು ಸರಿ, ಮೂರನೆಯ ದಿನ ಅಂತ ಬಂದ ಕೂಡ್ಲೇ ಪುನಃ ಬಂದ್. ಹೀಗೆ ಸುಮಾರು ಭಾನುವಾರ ನಡೀತು, ಆಂಟಿಗೆ ಗೊತ್ತಾಗಿರಬೇಕು, ಒಂದು ಸಲ ತಿರುಗಿ ನೋಡಿದ್ರು. ಹೇಳದೆ ನಿಲ್ಲುದು ಕಷ್ಟ, ಹೇಳಿದ್ರೆ ಸುಳ್ಳು.

ಇದೇ ಸಮಯಕ್ಕೆ, ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ಸಂಸ್ಕೃತ ಕಲಿತ ಪಂಡಿತಾ ರಮಾಬಾಯಿ ಬಗ್ಗೆ ಓದಿದ್ದು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಕಾರ್ಕಳದ ಮಾಳದ ಹತ್ತಿರ ಗಂಗಾಮೂಲದಲ್ಲಿ, ಆ ಘಟ್ಟದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಆಂಗ್ಲಿಕನ್ ಸಿಸ್ಟರ್‌ಗಳ ಜೊತೆ ಇದ್ದು ದೀಕ್ಷಾಸ್ನಾನ ತಗೊಂಡ್ರು. ತಗೊಂಡ ಮೇಲೆ ತಲೆ ತಗ್ಗಿಸಿ ಕೂತ್ರಾ? ಎಂತ ಕೂರುದು! ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅನ್ನುವ ತ್ರಯೈಕ್ಯದ ಬಗ್ಗೆ ಸಿಸ್ಟರ್‌ಗಳ ಹತ್ತಿರ ಪತ್ರದಲ್ಲಿ ವಾದ, ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ನಂಗೆ ಅರ್ಥವಾಗದ್ದು ನಂಗೆ ಬೇಡ, ಬೇಕಾದ್ರೆ ಸಂಸ್ಕೃತದಲ್ಲಿ ಬರೀರಿ ಅಂತ ಹಠ, ಮಾಂಸ ಮುಟ್ಟಲ್ಲ ಅಂತ ಇನ್ನೊಂದು ಹಠ. ಒಂದು ಪುರೋಹಿತರ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡೋದಿಲ್ಲ ಅನ್ನುವ ಧಾಟಿ. ಓದುವಾಗ ಮೈ ಜುಂ ಅಂತು, ನಮ್ಮೂರ ಹೆಂಗಸು ನೋಡಿ! ಆದ್ರೆ ಅವರಿಗೆ ಯೇಸು ಉಳಿದ, ಸಾಯುವ ತನಕ ಉಳಿದ. ಅವರ ದಾರಿ ಹಿಡೀಲಿಕ್ಕೆ ಮೊದಲು ಅವರ ನಂಬಿಕೆ ಬೇಕಲ್ಲ. ನನ್ನ ಹತ್ತಿರ ಇರುದು ಅವರ ಹಠ ಮಾತ್ರ.

ಅಮ್ಮನ ಕಷ್ಟವೇ ಬೇರೆ. ಮಾಮಿ ಹೋದ ಮೇಲೆ ಪಾತ್ರೆ ತೊಳೀತಾ ಹೇಳಿದ್ರು, "ನಂಬುದಿಲ್ಲದಿದ್ರೆ ನಂಬ್ಬೇಡ, ಮನಸ್ಸಲ್ಲಿ ಇಟ್ಕೋ, ಲೆಟರ್ ಯಾಕೆ ಕೊಟ್ಟದ್ದು? 2008 ಮರ್ತೆಯಾ?" ಮರೆತಿಲ್ಲ. ಸೆಪ್ಟೆಂಬರ್ 14, ಭಾನುವಾರ, ಮಿಲಾಗ್ರಿಸ್ ಚರ್ಚಿನ ಹತ್ತಿರದ ಅಡೊರೇಶನ್ ಮೊನೆಸ್ಟ್ರಿಗೆ, ನ್ಯೂ ಲೈಫ್ ಅನ್ನುವ ಕ್ರೈಸ್ತ ಪಂಗಡದವರ ಪ್ರಾರ್ಥನಾ ಹಾಲ್‌ಗಳಿಗೆ ನುಗ್ಗಿ ಹೊಡೆದ ದಿನ. ನಾವು ಬಾಗಿಲು ಹಾಕಿ ಟಿವಿ ಸೌಂಡ್ ಸಣ್ಣ ಮಾಡಿ ಕೂತಿದ್ವಿ, ಪಪ್ಪ ಗೇಟಿನ ಮೇಲಿದ್ದ ನಕ್ಷತ್ರದ ಹುಕ್ಕನ್ನೂ ತೆಗೆದಿದ್ರು. ಹೊರಗಿಂದ ಕಲ್ಲು ಬೀಳುವಾಗ ಒಳಗಿಂದ ಒಬ್ಬಳು ಎದ್ದು ಹೋದ್ರೆ ಅವರಿಗೆ ಹೇಗಾಗ್ಬೇಕು, ಅದು ನಂಗೂ ಗೊತ್ತಾಗ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಲೆಟರ್ ವಾಪಸ್ ತಗೊಳ್ಳುದೂ ಇಲ್ಲ. ನಾಳೆ ಪುನಃ ಕಲ್ಲು ಬಿದ್ರೆ ನಾನು ಗೇಟಿನ ಒಳಗೇ ನಿಲ್ತೇನೆ ಅಂತ ಹೇಳಿದೆ, ಅಮ್ಮ ನಳ್ಳಿ ಜೋರು ಮಾಡಿದ್ರು.

ರಾತ್ರಿ ಕ್ವಾಯರ್ ಮಾಸ್ಟರ್ ಫೋನ್. ನವೆಂಬರಿನಿಂದ ಕ್ರಿಸ್ಮಸ್ ಪ್ರಾಕ್ಟೀಸ್, ಆಲ್ಟೋಗೆ, ಅಂದ್ರೆ ಹೆಂಗಸರ ಕೆಳಗಿನ ಸ್ವರಕ್ಕೆ, ಜನ ಇಲ್ಲ. "ಲೆಟರ್ ವಿಷಯ ಕಮಿಟಿಗೆ ಬಿಡು, ನೀನು ಹಾಡ್ಲಿಕ್ಕೆ ಬಾ, ನಾಲ್ಕು ಸ್ವರ ಕೂಡದಿದ್ರೆ ಆ ಜರ್ಮನ್ ಟ್ಯೂನ್ ಎಲ್ಲ ಭಜನೆ ಹಾಗೆ ಕೇಳ್ತದೆ." ಭಜನೆಗೆ ಎಂತ ಆಗಿದೆ ಸರ್ ಅಂತ ಕೇಳಿದೆ, ಅದನ್ನ ಮತ್ತೆ ಮಾತಾಡುವ ಅಂದ್ರು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುದಿಲ್ಲ, ಪ್ರಮಾಣ ಹೇಳುದಿಲ್ಲ, ಕ್ಯಾರಲ್ ಮಾತ್ರ ಹಾಡ್ತೇನೆ, ಕಮಿಟಿಯವರು ಅದಕ್ಕೂ ಬೇಡ ಅಂದ್ರೆ ಬರುದಿಲ್ಲ ಅಂದೆ. ಸೆಕ್ರೆಟರಿ ಹತ್ತಿರ ಅವರೇ ಮಾತಾಡ್ತಾರಂತೆ, ಗುರುವಾರದೊಳಗೆ ಹೇಳ್ತಾರಂತೆ.