ಶುಕ್ರವಾರ ಬಿಡುಗಡೆ ಆದವರ ಪಾಡು

ಇಂಗ್ಲೆಂಡಿನಲ್ಲಿ ಪ್ರೊಬೇಷನ್ ಆಫೀಸರ್ ಆಗಿ, ಅಂದರೆ ಜೈಲಿನಿಂದ ಹೊರಬಂದವರ ಮೇಲೆ ನಿಗಾ ಇಡುವ ಅಧಿಕಾರಿಯಾಗಿ, ಕೆಲಸ ಮಾಡುತ್ತೇನೆ. ಇಲ್ಲಿ ಬಹಳಷ್ಟು ಕೈದಿಗಳು ಶಿಕ್ಷೆಯ ಒಂದು ಭಾಗವನ್ನು ಜೈಲಿನಲ್ಲಿ, ಉಳಿದಿದ್ದನ್ನು ಹೊರಗೆ ಷರತ್ತಿನ ಮೇಲೆ ಕಳೆಯುತ್ತಾರೆ. ಆ ಷರತ್ತುಗಳ ಪತ್ರವೇ ಲೈಸೆನ್ಸ್. ಮುರಿದರೆ ರೀಕಾಲ್, ಅಂದರೆ ಮತ್ತೆ ಒಳಗೆ. ಊರಿಗೆ ಬಂದಾಗ "ಅಂಥವರನ್ನೆಲ್ಲ ಹೇಗೆ ತಿದ್ದುತ್ತೀರಿ?" ಅಂತ ಕೇಳುತ್ತಾರೆ. ಬುದ್ಧಿ ಹೇಳುವುದೇ ನಮ್ಮ ಕೆಲಸ ಅಂದುಕೊಂಡಿರುತ್ತಾರೆ ಪಾಪ. ನಾನು ಕಲಿತಿದ್ದೇ ಬೇರೆ. ರಾತ್ರಿ ಮಲಗೋಕೆ ಜಾಗ ಇಲ್ಲದವನಿಗೆ ಯಾವ ಬುದ್ಧಿಮಾತೂ ತಲೆಗೆ ಹೋಗುವುದಿಲ್ಲ.

ಶುಕ್ರವಾರದ ಕಥೆ ಹೇಳುತ್ತೇನೆ. ಶನಿವಾರ, ಭಾನುವಾರ ಬಿಡುಗಡೆ ಮಾಡುವುದಿಲ್ಲ. ಆ ದಿನಗಳಿಗೆ ಬೀಳುವ ಬಿಡುಗಡೆಯೆಲ್ಲ ಶುಕ್ರವಾರಕ್ಕೇ ಬರುತ್ತದೆ. ಬೆಳಿಗ್ಗೆ ಗೇಟು ದಾಟುವಾಗ ಕೈಯಲ್ಲಿ ಸಾಮಾನು ತುಂಬಿದ ಪ್ಲಾಸ್ಟಿಕ್ ಚೀಲ, ಜೇಬಿನಲ್ಲಿ ಸರ್ಕಾರ ಕೊಟ್ಟ 90 ಪೌಂಡಿನ ಆಸುಪಾಸು ದುಡ್ಡು. ಅಲ್ಲಿಂದ ರೈಲು ಹಿಡಿದು ನಮ್ಮ ಆಫೀಸಿಗೆ ಬರಬೇಕು. ಆಮೇಲೆ ಮನೆಗಾಗಿ ಕೌನ್ಸಿಲ್ (ನಮ್ಮ ನಗರಸಭೆ ಥರ), ಭತ್ಯೆಗಾಗಿ ಜಾಬ್‌ಸೆಂಟರ್, ಹೆರಾಯಿನ್ ಚಟಕ್ಕೆ ಬದಲಿಯಾಗಿ ಕೊಡುವ ಮೆಥಡೋನ್ ತಗೊಳ್ಳುವವರಾದರೆ ಔಷಧಿ ಅಂಗಡಿ. ಎಲ್ಲಾ ಸಂಜೆ ಐದರೊಳಗೆ. ತಪ್ಪಿದರೆ ಸೋಮವಾರದ ತನಕ ಕೇಳುವವರಿಲ್ಲ.

ಒಬ್ಬರು ಹೀಗೇ ಬಂದು ನನ್ನೆದುರು ಕೂತರು. ಕೌನ್ಸಿಲ್‌ನವರು "ಫೋನ್ ಮಾಡ್ತೀವಿ" ಅಂದಿದ್ದರಂತೆ. ಜೈಲಿನವರು ವಾಪಸ್ ಕೊಟ್ಟ ಫೋನನ್ನು ನನ್ನ ಚಾರ್ಜರಿಗೆ ಹಾಕಿದೆವು. ಆನ್ ಆಯಿತು, ಆದರೆ ಸಿಮ್ ಸತ್ತಿತ್ತು. ಅಷ್ಟು ದಿನ ಬಳಸದ ನಂಬರನ್ನು ಕಂಪನಿ ಕಿತ್ತುಹಾಕಿತ್ತು. ಕೌನ್ಸಿಲ್‌ಗೆ ಅವರು ಕೊಟ್ಟು ಬಂದಿದ್ದು ಅದೇ ನಂಬರ್! ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಪಕ್ಕದ ಅಂಗಡಿಯಿಂದ ಹೊಸ ಸಿಮ್ ತರಿಸಿ, ಎಲ್ಲರಿಗೂ ನಂಬರ್ ತಿಳಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಈಗ ಬಿಡುಗಡೆಗೆ ಮೊದಲು ವೀಡಿಯೋ ಕಾಲ್‌ನಲ್ಲಿ ಮಾತಾಡುವಾಗ ಕುಡಿತ, ಸಿಟ್ಟು, ಸಹವಾಸ ಎಲ್ಲಾ ಕೇಳಿದ ಮೇಲೆ "ನಿಮ್ಮ ಸಿಮ್ ಬದುಕಿದೆಯಾ?" ಅಂತಲೂ ಕೇಳುತ್ತೇನೆ. ನಗುತ್ತಾರೆ. ಆದರೂ ಬರೆದುಕೊಳ್ಳುತ್ತೇನೆ.

2023ರಲ್ಲಿ ಒಂದು ಕಾನೂನು ಬಂತು. ಶುಕ್ರವಾರ ಅಥವಾ ರಜೆಯ ಹಿಂದಿನ ದಿನ ಬಿಡುಗಡೆ ಬಿದ್ದರೆ ಎರಡು ದಿನದವರೆಗೆ ಮೊದಲೇ ಬಿಡಬಹುದು. ಆದರೆ ಅದು ತಾನಾಗಿ ಸಿಗುವುದಿಲ್ಲ. ಯಾರಾದರೂ ಅರ್ಜಿ ಹಾಕಿ, ಕಾರಣ ತೋರಿಸಬೇಕು. ಇರಲು ಮನೆ ಇಲ್ಲದವರಿಗೆ 84 ರಾತ್ರಿಯವರೆಗೆ ತಾತ್ಕಾಲಿಕ ವಸತಿ ಕೊಡುವ ಯೋಜನೆಯೂ ಇದೆ. ಅದಕ್ಕೂ ಕಾಗದ ಮುಂಚೆಯೇ ಹೋಗಬೇಕು. ಹಾಗಾಗಿ ನನ್ನ ಕ್ಯಾಲೆಂಡರಿನಲ್ಲಿ ಬಿಡುಗಡೆಯ ದಿನಕ್ಕಿಂತ ಅದಕ್ಕೆ ಮೂರು ತಿಂಗಳ ಹಿಂದಿನ ದಿನಕ್ಕೇ ದೊಡ್ಡ ಗುರುತು.

ಇದನ್ನೆಲ್ಲ ಓದಿ ಸಮಾಜಸೇವೆ ಅಂದುಕೊಳ್ಳಬೇಡಿ. ಇದೇ ಕೆಲಸದಲ್ಲಿ ರೀಕಾಲ್ ಕಾಗದ ಬರೆಯುವವರೂ ನಾವೇ. ಹೊಡೆತ ತಿಂದ ಹೆಂಡತಿ ಆ ಕಡೆ ಇದ್ದಾಳೆ ಅನ್ನುವುದನ್ನು ಮರೆತು ಈ ಕಡೆಯವರ ಮೇಲೆ ಕನಿಕರ ಪಡೋ ಹಾಗಿಲ್ಲ. ದಿನದ ಬಹುಪಾಲು ಕಂಪ್ಯೂಟರ್ ಮುಂದೆಯೇ ಹೋಗುತ್ತದೆ. ಓಏಸಿಸ್ ಅಂತ ಒಂದು ಅಪಾಯ ಅಂದಾಜಿನ ಫಾರಂ ಇದೆ, ಅದರ ಉದ್ದ ಮಾತ್ರ ಕೇಳಬೇಡಿ.

ಇಲ್ಲಿರುವ ಕೆಲವು ಕನ್ನಡಿಗರು ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಕೇಳಿದ್ದಾರೆ. ಜೈಲ್ ಆಫೀಸರ್ ಆಗಲು ಡಿಗ್ರಿ ಬೇಡ, ತರಬೇತಿ ಅವರೇ ಕೊಡುತ್ತಾರೆ. ಪ್ರೊಬೇಷನ್ ಆಫೀಸರ್ ಆಗಲು ಸಂಬಳ ತಗೊಂಡೇ ಓದುವ ಕೋರ್ಸ್ ಇದೆ. ನಿಮ್ಮ ಹಿಂದಿನ ಓದು ನೋಡಿ 15 ಅಥವಾ 21 ತಿಂಗಳು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ಕೆಲಸ ಮಾಡುವ ಹಕ್ಕಿದ್ದರೆ ಪಾಸ್‌ಪೋರ್ಟ್ ಭಾರತದ್ದಾದರೂ ಅರ್ಜಿ ಹಾಕಬಹುದು. ಹಿನ್ನೆಲೆ ತಪಾಸಣೆಗೆ ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಮುಗಿಯುವ ತನಕ ಈಗಿರುವ ಕೆಲಸ ಬಿಡಬೇಡಿ.