ಎಐ ಕೆಟ್ಟರೆ ಯಾರು ನಿಲ್ಲಿಸಬೇಕು?

2012ರ ಆಗಸ್ಟ್ 1. ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಉಳಿದ ಒಂದರಲ್ಲಿ, ವರ್ಷಗಳಿಂದ ಬಳಸದೇ ಬಿಟ್ಟಿದ್ದ ಹಳೇ ಕೋಡ್ ಎದ್ದು ಕೂತು ತಾನಾಗಿಯೇ ಆರ್ಡರ್ ಹಾಕುತ್ತಾ ಹೋಯಿತು. ಸುಮಾರು 45 ನಿಮಿಷದ ಆ ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ.

ನನ್ನನ್ನು ಕಾಡುವುದು ನಡುವೆ ನಡೆದದ್ದು. ಸರಿಪಡಿಸಲು ಹೋಗಿ, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು. ಅಲ್ಲೂ ಹಳೇ ಕೋಡೇ ಓಡಿ ತೊಂದರೆ ಇನ್ನೂ ಹೆಚ್ಚಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಬರೆದಿಟ್ಟ ಕ್ರಮವೇ ಅಲ್ಲಿರಲಿಲ್ಲ.

ಅದು ಎಐ ಅಲ್ಲ, ನಿಜ. ಎಐ ಇನ್ನೂ ಕಷ್ಟ. ಸರ್ವರ್ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಮಾಡೆಲ್, ಅಂದರೆ ಡೇಟಾದಿಂದ ಕಲಿತು ಉತ್ತರ ಕೊಡುವ ಎಐ ಪ್ರೋಗ್ರಾಂ, ಕೆಟ್ಟರೆ ಅದು ತಪ್ಪು ಉತ್ತರ ಕೊಡುತ್ತಾ ಸುಮ್ನೆ ಓಡುತ್ತಲೇ ಇರುತ್ತದೆ. ಹಳೇ ಮಾಡೆಲ್‌ಗೆ ವಾಪಸ್ ಹೋಗೋಣ ಅಂದರೆ, ಅದಕ್ಕೆ ಬೇಕಾದ ಡೇಟಾದ ರೂಪವೇ ಅಷ್ಟರಲ್ಲಿ ಬದಲಾಗಿರಬಹುದು.

ಸಾಲದ ಅರ್ಜಿ ನೋಡುವ ನಮ್ಮ ಮಾಡೆಲ್‌ಗೆ ಈಗ ಇದನ್ನೆಲ್ಲ ಬರೆದಿಡುತ್ತಿದ್ದೇವೆ. ಯಾವ ಅಂಕಿ ಎಲ್ಲಿಗಿಳಿದರೆ ನಿಲ್ಲಿಸಬೇಕು, ನಡುರಾತ್ರಿ ಯಾರನ್ನೂ ಕೇಳದೆ ನಿಲ್ಲಿಸುವ ಅಧಿಕಾರ ಯಾರಿಗೆ, ಮಾಡೆಲ್ ನಿಂತ ಮೇಲೆ ಅದರ ಕೆಲಸವನ್ನು ಕೂತು ಮಾಡುವ ಜನ ಯಾರು, ಆಗಲೇ ಹೊರಗೆ ಹೋದ ತಪ್ಪು ತೀರ್ಮಾನಗಳನ್ನು ಹುಡುಕುವುದು ಹೇಗೆ. ಈ ಕೊನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ಸಿಸ್ಟಂ ಮತ್ತೆ ಸರಿಯಾದರೂ, ತಪ್ಪು ತೀರ್ಮಾನದಿಂದ ಸಾಲ ಸಿಗದೆ ವಾಪಸ್ ಹೋದವರಿಗೆ ಏನು ಸಿಕ್ಕಿತು? ಅವರನ್ನು ನಾವೇ ಕರೆದು, ಅರ್ಜಿಯನ್ನು ಮತ್ತೆ ನೋಡಬೇಕು.