ಪೊರೆ ಕಂಡ ತಕ್ಷಣ ವ್ಯಾನ್ ಹತ್ತಿಸಬೇಡಿ

ಹಳ್ಳಿ ಶಿಬಿರದಲ್ಲಿ ಟಾರ್ಚ್ ಬಿಟ್ಟು, ಪಾಪೆ ಬೆಳ್ಳಗೆ ಕಂಡರೆ ‘ಆಪರೇಷನ್’ ಎಂದು ಚೀಟಿ ಬರೆದುಬಿಡುವುದು ಸುಲಭ. ಆದರೆ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಆಗದೆ ವಾಪಸ್ ಬಂದ ಅಜ್ಜಿಯನ್ನು ಇನ್ನೊಮ್ಮೆ ಹೊರಡಿಸುವುದು ಕಷ್ಟ. ತಡೆಯುವಂಥದ್ದು ಏನಿದ್ದರೂ ಶಿಬಿರದ ಮೇಜಿನಲ್ಲೇ ಗೊತ್ತಾಗಬೇಕು.

ದೃಷ್ಟಿ ನೋಡಲು 6 ಮೀಟರ್ ದೂರವನ್ನು ಹೆಜ್ಜೆಯಲ್ಲಿ ಅಳೆಯಬೇಡಿ, ಅಳತೆಯ ಹಗ್ಗ ಇರಲಿ. ಪಿನ್‌ಹೋಲ್ (ಸಣ್ಣ ತೂತಿನ ಬಿಲ್ಲೆ) ಹಿಡಿದಾಗ 6/60 (ಸರಿ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದಷ್ಟೇ ಕಾಣುವುದು) ಇದ್ದದ್ದು 6/12ಕ್ಕೆ ಏರಿದರೆ ಮೊದಲು ಕನ್ನಡಕದ ಪರೀಕ್ಷೆ ಮಾಡಿಸಿ.

ಪೊರೆ ಪೂರ್ತಿ ಬಲಿತ ಕಣ್ಣಿನಲ್ಲಿ ಹಿಂದಿನ ಪರದೆ (ರೆಟಿನಾ) ಕಾಣುವುದಿಲ್ಲ, ಹಾಗಾಗಿ ಅದು ಕೆಲಸ ಮಾಡುತ್ತಿದೆಯೇ ಎಂದು ಬೆಳಕಿನಿಂದಲೇ ನೋಡಬೇಕು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಬೆರಳಲ್ಲಿ ಮುಚ್ಚಿದರೆ ಸಂದಿಯಿಂದ ಬೆಳಕು ನುಸುಳುತ್ತದೆ. ಮೇಲೆ, ಕೆಳಗೆ, ಎಡ, ಬಲ ಹೀಗೆ ನಾಲ್ಕೂ ಕಡೆಯಿಂದ ಟಾರ್ಚ್ ಬಿಟ್ಟು, ಬೆಳಕು ಬಂದ ಕಡೆ ಕೈ ತೋರಿಸಲು ಹೇಳಿ. ನಡುವೆ ಒಮ್ಮೆ ಟಾರ್ಚ್ ಆರಿಸಿಯೂ ಕೇಳಿ. ಆಗಲೂ ಕೈ ತೋರಿಸಿದರೆ ಅಷ್ಟು ಹೊತ್ತೂ ಅಂದಾಜಿನಲ್ಲೇ ಹೇಳುತ್ತಿದ್ದರು ಎಂದರ್ಥ. ಆಮೇಲೆ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬೇಗ ಸರಿಸಿ. ಬೆಳಕು ಬಿದ್ದ ಮೇಲೂ ಪಾಪೆ ಕುಗ್ಗದೆ ಹಿಗ್ಗಿದರೆ ದೋಷ ನರದಲ್ಲೋ ಪರದೆಯಲ್ಲೋ ಇದೆ. ಪೊರೆ ಎಷ್ಟೇ ದಪ್ಪವಿದ್ದರೂ ಅದೊಂದರಿಂದಲೇ ಹೀಗಾಗುವುದಿಲ್ಲ. ‘ಪೊರೆ ತೆಗೆದರೂ ದೃಷ್ಟಿ ಬರುವುದು ಅನುಮಾನ’ ಎಂಬ ಮಾತನ್ನು ಮನೆಯವರಿಗೆ ಹೊರಡುವ ಮೊದಲೇ ಹೇಳಿ.

ಹೆಚ್ಚಾಗಿ ತಪ್ಪಿಹೋಗುವುದು ಕಣ್ಣೀರಿನ ಚೀಲ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯ ಕೆಳಗೆ ಕಿರುಬೆರಳಿನಿಂದ ಮೆಲ್ಲಗೆ ಒತ್ತಿ ರೆಪ್ಪೆಯಂಚನ್ನೇ ನೋಡುತ್ತಿರಿ. ಕೀವೋ ಲೋಳೆಯೋ ಉಕ್ಕಿದರೆ ಪೊರೆಯ ಆಪರೇಷನ್ ಸದ್ಯಕ್ಕಿಲ್ಲ, ಮೊದಲು ಚೀಲಕ್ಕೆ ಚಿಕಿತ್ಸೆ. ಆ ಸೋಂಕು ಗಾಯದ ಮೂಲಕ ಒಳಗಿಳಿದರೆ ಕಣ್ಣೇ ಹೋಗಬಹುದು. ಒತ್ತಿದಾಗ ಏನೂ ಬಾರದೆ ಬರೀ ನೀರು ಸುರಿಯುತ್ತಿದ್ದರೆ ಕಣ್ಣೀರಿನ ದಾರಿಯಲ್ಲಿ ಸಲೈನ್ (ಉಪ್ಪುನೀರು) ಹಾಯಿಸಿ ನೋಡಬೇಕು. ‘ಗಂಟಲು ಉಪ್ಪುಪ್ಪಾಯ್ತು’ ಎಂದರೆ ದಾರಿ ಸರಿಯಿದೆ. ಸಾಲು ಉದ್ದವಾಗಿದೆ ಎಂದು ಇದನ್ನು ಬಿಡುವುದಕ್ಕಿಂತ ಅಂದಿನ ಸಂಖ್ಯೆಯನ್ನೇ ಕಡಿಮೆ ಮಾಡುವುದು ಒಳ್ಳೆಯದು.

ಇನ್ನು ‘ಪೊರೆ ಬಲೀಲಿ, ಆಮೇಲೆ ನೋಡೋಣ’ ಎಂಬ ಮಾತು. ಬಲಿತಷ್ಟೂ ಒಳಗಿನ ಗಟ್ಟಿ ಭಾಗ ಕಲ್ಲಾಗಿ ತೆಗೆಯುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಪೊರೆ ಸೋರಿ ಕಣ್ಣಿನ ಒತ್ತಡ ಏರುತ್ತದೆ. ಬಿಳಿ ಪಾಪೆಯ ಜೊತೆ ಕಣ್ಣು ಕೆಂಪು, ವಿಪರೀತ ನೋವು, ತಲೆನೋವು, ವಾಂತಿ ಇದ್ದರೆ ಮುಂದಿನ ವಾರದ ವ್ಯಾನಿಗೆ ಕಾಯುವಂತಿಲ್ಲ, ಅದೇ ದಿನ ಕಳಿಸಿ.

ಸಕ್ಕರೆ, ಬಿಪಿ ಎಲ್ಲರೂ ನೋಡುತ್ತಾರೆ. ಮಾತ್ರೆಯ ಸ್ಟ್ರಿಪ್ ಕೇಳುವವರು ಕಡಿಮೆ. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುವ ಅಜ್ಜಂದಿರಲ್ಲಿ ಆಪರೇಷನ್ ನಡುವೆ ಪಾಪೆ ಕಿರಿದಾಗಿ, ಅದರ ಸುತ್ತಲಿನ ಬಣ್ಣದ ಭಾಗ (ಐರಿಸ್) ಅಲೆಯಂತೆ ಆಡತೊಡಗಬಹುದು. ನಾಲ್ಕು ದಿನ ಮೊದಲು ಮಾತ್ರೆ ನಿಲ್ಲಿಸಿದರೂ ಈ ಪರಿಣಾಮ ಹೋಗದು, ಹಾಗಾಗಿ ನಿಲ್ಲಿಸಲು ಹೇಳಬೇಡಿ. ಚೀಟಿಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಮಾತ್ರೆಯ ಹೆಸರು ಬರೆದರೆ ಸರ್ಜನ್ ತಯಾರಾಗಿರುತ್ತಾರೆ.